ಭಾವನವರು ಕತ್ತರಿಸಿದ ತಂತಿ

ಗುಜರಿ ಸಾಮ್ರಾಜ್ಯದ ದೊರೆ, ನನ್ನಕ್ಕನ ಗಂಡನಾದ ಭಾವನವರಿಗೆ,

ಕ್ಷೇಮ ಕೇಳುವುದಿಲ್ಲ. ನಿಮಗೇನಾಗುತ್ತದೆ? ಆಗುವುದೆಲ್ಲ ಬೇರೆಯವರಿಗೆ.

ಗುಜರಿಯೊಳಗೆ ಸೇರಿ ಬಂದಿದ್ದ ವಿಕಿರಣ ಸೂಸುವ ಕೊಳವೆಯನ್ನು ಬರಿಗೈಯಲ್ಲಿ ಎತ್ತಿಟ್ಟ ನಿಮ್ಮ ಕ್ರೇನ್ ಚಾಲಕನ ಮೂರು ಬೆರಳುಗಳನ್ನು ಕತ್ತರಿಸಬೇಕಾಯಿತು. ನೀವೋ, "ನಾದಿನಿ ಮಾಡಿಕೊಟ್ಟ ಮಷೀನು ಕೂಗಲೇ ಇಲ್ಲ ಸಾರ್, ನಾನೇನ್ ಮಾಡ್ಲಿ?" ಎಂದು ತನಿಖಾಧಿಕಾರಿಗಳ ಮುಂದೆ ಕಣ್ಣೊರೆಸಿಕೊಂಡಿರಂತೆ. ಆ ಕಣ್ಣೀರಿಗೆ ಉಪ್ಪಾದರೂ ಇತ್ತೇ?

ವಿಕಿರಣ ಪತ್ತೆಹಚ್ಚುವ ಆ ಯಂತ್ರ ಹೇಗೆ ಕೂಗುತ್ತದೆಂದು, ನಿಮ್ಮ ಗೇಟಿನಲ್ಲಿ ಅಳವಡಿಸಿದ ದಿನವೇ ಹೇಳಿದ್ದೆ. ನೀವು ಫೋನಿನಲ್ಲಿ ತಾಮ್ರದ ದರ ನೋಡುತ್ತಿದ್ದಿರಿ. ಈಗಲಾದರೂ ಓದಿ. ವಿಕಿರಣ ಬಡಿದಾಗ ಅರೆವಾಹಕ ಹರಳಿನೊಳಗೆ ಎಲೆಕ್ಟ್ರಾನುಗಳು ಕಿತ್ತುಬರುತ್ತವೆ, ಅವು ಬಿಟ್ಟ ಜಾಗದಲ್ಲಿ ರಂಧ್ರಗಳು ಉಳಿಯುತ್ತವೆ. ಹರಳಿಗೆ ಕೊಟ್ಟ ವೋಲ್ಟೇಜು ಎಲೆಕ್ಟ್ರಾನನ್ನು ಒಂದು ಕಡೆಗೂ ರಂಧ್ರವನ್ನು ಇನ್ನೊಂದು ಕಡೆಗೂ ಎಳೆಯುತ್ತದೆ. ಅವು ಅಂಚು ಮುಟ್ಟುವವರೆಗೆ ಕಾಯಬೇಕಿಲ್ಲ. ಹೊರಟ ಕ್ಷಣದಿಂದಲೇ ಅಂಚಿನ ಲೋಹದ ಪದರದಲ್ಲಿ ಸಣ್ಣ ಕರೆಂಟು ಮಿಡಿಯುತ್ತದೆ. ಅದನ್ನು ಹಿಗ್ಗಿಸಿದರೆ ಕೂಗು. ಎಳೆಯುವ ವೋಲ್ಟೇಜೇ ಇಲ್ಲದಿದ್ದರೆ ಎರಡೂ ಮತ್ತೆ ಕೂಡಿಕೊಂಡು, ಏನೂ ನಡೆದೇ ಇಲ್ಲವೆಂಬಂತೆ ತೆಪ್ಪಗಾಗುತ್ತವೆ.

ನಿನ್ನೆ ಅಧಿಕಾರಿಗಳೆದುರೇ ಯಂತ್ರದ ಪೆಟ್ಟಿಗೆ ಬಿಚ್ಚಿದೆ. ಹರಳಿಗೆ ವೋಲ್ಟೇಜು ಒಯ್ಯುವ ತಂತಿಯನ್ನು ಕತ್ತರಿಸಿ ತುದಿಗೆ ಟೇಪು ಸುತ್ತಿತ್ತು. ಯಂತ್ರ ನಡೆಯುತ್ತಿದೆಯೆಂದು ತೋರಿಸುವ ಹಸಿರು ದೀಪದ ತಂತಿಗೆ ಮಾತ್ರ ಯಾರೂ ಕೈಹಚ್ಚಿರಲಿಲ್ಲ. ಹಿಂದೆ ಯಂತ್ರ ಎರಡು ಸಲ ಕೂಗಿ ಲಾರಿ ನಿಲ್ಲಿಸಿದ್ದಕ್ಕೆ ನೀವು ಕೊಟ್ಟ ಅಪ್ಪಣೆಯನ್ನು ನಿಮ್ಮ ಎಲೆಕ್ಟ್ರಿಷಿಯನ್ ಅಲ್ಲೇ ಒಪ್ಪಿಸಿದ: "ಅದರ ಬಾಯಿ ಮುಚ್ಚಿಸು. ನೋಡೋರಿಗೆ ದೀಪ ಉರೀತಿದ್ರೆ ಸಾಕು."

ತಂತಿ ಬೆಸೆದು, ಪರೀಕ್ಷೆಗೆ ತಂದಿದ್ದ ವಿಕಿರಣದ ಬಿಲ್ಲೆಯನ್ನು ಅದರ ಮುಂದೆ ಹಿಡಿದೆ. ಯಂತ್ರ ಅರಚಿತು. ನಿಮ್ಮ ವಕೀಲರು ಬೆಚ್ಚಿ ಕುರ್ಚಿ ಹಿಂದಕ್ಕೆಳೆದುಕೊಂಡರು. ಅವರಿಗೆ ನಿಮಗಿಂತ ಬುದ್ಧಿಯಿದೆ.

ಸಂಜೆ ಅಕ್ಕ ಫೋನ್ ಮಾಡಿದಳು. "ಮನೆ ಮರ್ಯಾದೆ ಕಣೇ. ಹೇಳಿಕೇಲಿ ಮಷೀನೇ ಆಗಾಗ ಕೆಡ್ತಿತ್ತು ಅಂತ ಬರೆದ್ಬಿಡು." ಅವಳ ಬಾಯಲ್ಲಿ ನಿಮ್ಮ ಮಾತು! ಫೋನಿಟ್ಟು ಆಸ್ಪತ್ರೆಗೆ ಹೋದೆ. ಬ್ಯಾಂಡೇಜು ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕ್ರೇನ್ ಚಾಲಕ ಕೇಳಿದ: "ಕೂಗಿದ್ದು ನನಗೇ ಕೇಳಿಸ್ಲಿಲ್ವೇನೋ ಮೇಡಂ? ಕ್ರೇನ್ ಸದ್ದು ಜೋರಿತ್ತು."

ತಪ್ಪು ತನ್ನದೇ ಎಂದುಕೊಂಡಿದ್ದ, ಭಾವ. ನಡೆದದ್ದನ್ನು ಹೇಳಿದೆ. ಅವನು, "ಸಾಹೇಬ್ರು ದಿನಾ ನನ್ನ ಮಾತಾಡಿಸ್ತಿದ್ರಲ್ಲ..." ಎಂದು ಗೋಡೆಯ ಕಡೆ ಹೊರಳಿದ.

ಇಂದು ಬೆಳಿಗ್ಗೆ ತನಿಖಾಧಿಕಾರಿಗಳ ಬಳಿ ಹೋಗಿ, ಇದ್ದದ್ದು ಇದ್ದ ಹಾಗೆ ಬರೆದು ಸಹಿ ಹಾಕಿ ಬಂದಿದ್ದೇನೆ.

ದೇವರು ನಿಮಗೆ ದೀರ್ಘಾಯುಷ್ಯ ಕೊಡಲಿ. ಹತ್ತು ಬೆರಳೂ ಗಟ್ಟಿಯಾಗಿರಲಿ, ಪ್ರತಿ ತುತ್ತಿಗೂ ಅವು ನಿಮ್ಮ ಕಣ್ಣಿಗೆ ಬೀಳಲಿ.

ಇಂತಿ,
ಅಕ್ಕನಿಗೆ ತಂಗಿ, ನಿಮಗೆ ಏನೂ ಅಲ್ಲದವಳು