ಗುಡ್ಡದ ಮೇಲೆ ಹೇಳಿದ ಒಡಪು

ರೀ,

ನಾನೇ. ಮತ್ತೆ ಯಾರು ನಿಮ್ಮನ್ನು ಹೀಗೆ ಒಂದೇ ಅಕ್ಷರದಲ್ಲಿ ಕರೆಯುತ್ತಾರೆ? ಅಲ್ಲಿ ಎಷ್ಟು ಜನ ಹೆಂಗಸರ ಗಂಡಂದಿರು ಇದ್ದಾರೋ ಏನೋ. ನನ್ನ ‘ರೀ’ ಕೇಳಿ ಎಲ್ಲರೂ ಒಮ್ಮೆಲೇ ತಿರುಗಿದರೆ ನೀವು ಸ್ವಲ್ಪ ಮುಂದೆ ಬನ್ನಿ, ಯಾವಾಗಿನ ಹಾಗೆ ಹಿಂದೆ ನಿಂತುಕೊಳ್ಳಬೇಡಿ. ನಾನು ಈ ಮರಾಠಿ ನಾಡಿನ ಅಂಬಡ್‌ನ ನಮ್ಮ ಅದೇ ಎರಡು ಕೋಣೆಯ ಬಾಡಿಗೆ ಮನೆಯಿಂದ ಬರೆಯುತ್ತಿದ್ದೇನೆ. ಪಲ್ಲವಿ ಒಳಗೆ ಓದುತ್ತಿದ್ದಾಳೆ, ಅಂದರೆ ಪುಸ್ತಕದ ಮೇಲೆ ಫೋನು ಇಟ್ಟುಕೊಂಡು ಕೂತಿದ್ದಾಳೆ. ನಿನ್ನೆ ಗುಡ್ಡ ಹತ್ತಿ ಬಂದಿದ್ದಕ್ಕೆ ನನ್ನ ಮೀನಖಂಡಗಳು ಕಲ್ಲಾಗಿವೆ. ಅಲ್ಲಿ ಆದದ್ದನ್ನು ನಿಮಗೆ ಹೇಳದೆ ಮತ್ತೆ ಯಾರಿಗೆ ಹೇಳಲಿ?

ಮದುವೆಯಾಗಿ ಬೈಲಹೊಂಗಲದ ನಿಮ್ಮ ಮನೆಯ ಹೊಸ್ತಿಲಿಗೆ ಬಂದ ದಿನ ನೆನಪಿದೆಯೇ? ನಿಮ್ಮ ಅಕ್ಕ ಬಾಗಿಲಿಗೆ ಅಡ್ಡ ಕೈ ಇಟ್ಟು, “ಗಂಡನ ಹೆಸರ ಹೇಳಲಿಲ್ಲಂದ್ರ ಒಳಗ ಬಿಡಂಗಿಲ್ಲ ನೋಡವಾ” ಅಂದರು. ನಮ್ಮ ಚಿಗವ್ವ ಎಂಟು ದಿನ ಕಲಿಸಿದ್ದ ಒಡಪು ಆ ಗಳಿಗೆಯಲ್ಲಿ ಗಾಳಿಗೆ ಹೋಗಿತ್ತು. ಬರೀ ಹೆಸರು ಹೇಳುವ ಹಾಗಿಲ್ಲ. ಹಾಗೆ ಹೇಳಿದರೆ ಗಂಡನ ಆಯುಷ್ಯ ಕಡಿಮೆ ಅಂತ ನಮ್ಮವ್ವ ಸಣ್ಣಂದಿನಿಂದ ಹೆದರಿಸಿ ಇಟ್ಟಿದ್ದಳು. ಪ್ರಾಸದ ಎರಡು ಸಾಲಿನಲ್ಲಿ ಸುತ್ತಿ ಹೇಳಿದರೆ ಮಾತ್ರ ದೋಷವಿಲ್ಲ. ನಾನು ಬಾಯಿ ತೆರೆಯುವುದು, ಮುಚ್ಚುವುದು. ಕೊನೆಗೆ ನೀವೇ ಹಿಂದಿನಿಂದ ಎರಡು ಸಾಲು ಪಿಸುಗುಟ್ಟಿದಿರಿ, ನಿಮ್ಮ ಹೆಸರಿನ ಒಡಪನ್ನು ನೀವೇ! ಅದನ್ನು ಕೇಳಿಸಿಕೊಂಡ ನಿಮ್ಮ ಅಕ್ಕ ತಾವು ಸಾಯುವವರೆಗೆ ನಮ್ಮಿಬ್ಬರನ್ನೂ ಅಣಕಿಸುವುದು ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಹೆಸರು ಬರೆಸುವ ಕಿಟಕಿಯ ಹತ್ತಿರ ನಿಂತದ್ದೂ ಹಾಗೆಯೇ ಕಣ್ಣಿಗೆ ಕಟ್ಟಿದೆ. ನೀವು ಗಾಲಿಕುರ್ಚಿಯಲ್ಲಿ ಎದೆ ಹಿಡಿದುಕೊಂಡು ಕೂತಿದ್ದಿರಿ. ಕಿಟಕಿಯೊಳಗಿನ ಹುಡುಗಿ, “ಪೇಶಂಟ್‌ಚಂ ನಾಂವ?” ಅಂತ ಕೇಳಿದಳು. ಅಂಥ ಹೊತ್ತಿನಲ್ಲೂ ನನ್ನ ನಾಲಿಗೆ ಹೊರಳಲಿಲ್ಲ ನೋಡಿ. ಅಭ್ಯಾಸಬಲದಿಂದ “ಪಲ್ಲವೀ ಪಪ್ಪಾ” ಅಂದುಬಿಟ್ಟೆ. ಅವಳು ಹಾಗೆಯೇ ಕಂಪ್ಯೂಟರಿನಲ್ಲಿ ಬಡಿದಳು. ಕೈಗೆ ಕಟ್ಟಿದ ಪಟ್ಟಿಯ ಮೇಲೆ ‘ಪಲ್ಲವಿ ಪಪ್ಪಾ’ ಅಂತ ಓದಿ ನೀವು ಆ ನೋವಿನಲ್ಲೂ ನಕ್ಕಿರಿ. “ಯಮ ಬಂದ್ರೂ ಗುರ್ತು ಹಿಡಿಯಂಗಿಲ್ಲ ಬಿಡು” ಅಂದಿರಿ. ಹಿಡಿದನಲ್ಲ, ಮೂರನೆಯ ದಿನವೇ. ಹೆಸರು ಹೇಳದೆ ಇಷ್ಟು ವರ್ಷ ನಿಮ್ಮ ಆಯುಷ್ಯವನ್ನು ಜೋಪಾನ ಮಾಡಿದೆನಲ್ಲ, ಅದೆಲ್ಲ ಯಾರ ಲೆಕ್ಕಕ್ಕೆ ಹೋಯಿತು?

ಈ ಸಲದ ಸಂಕ್ರಾಂತಿಯಲ್ಲಿ ನಮ್ಮ ಓಣಿಯಲ್ಲಿ ದಿನಕ್ಕೊಂದು ಮನೆಯ ಹಳದೀ-ಕುಂಕು, ಮುತ್ತೈದೆಯರ ಅರಿಸಿನ-ಕುಂಕುಮ. ನನ್ನನ್ನು ಯಾರೂ ಕರೆಯಲಿಲ್ಲ. ಕೆಟ್ಟ ಮನಸ್ಸಿನಿಂದಲ್ಲ, ಪಾಪ, ನನಗೆ ನೋವಾದೀತು ಅಂತ. ಪಲ್ಲವಿಯ ಕೈಯಲ್ಲಿ ಎಳ್ಳುಂಡೆ ಕಳಿಸಿದರು. ನಾನು ಕಿಟಕಿಯಲ್ಲಿ ಕೂತು ಕೇಳಿದೆ. ಒಬ್ಬೊಬ್ಬರೂ ಗಂಡನ ಹೆಸರಿನ ಉಖಾಣೆ ಹೇಳುತ್ತಿದ್ದರು, ನಮ್ಮ ಒಡಪಿನ ಅಕ್ಕತಂಗಿಯೇ ಅದು. ಗಂಡ ಹೋದವಳನ್ನು ಯಾರು ಹೆಸರು ಕೇಳುತ್ತಾರೆ ಹೇಳಿ? ಆಫೀಸಿನ ಕಾಗದದಲ್ಲಿ ನೀವು ‘ಲೇಟ್’, ಓಣಿಯಲ್ಲಿ ‘ಅವರು’, ಮಗಳಿಗೆ ‘ಪಪ್ಪಾ’. ಹೀಗೇ ನಡೆದರೆ ನಿಮ್ಮ ಹೆಸರು ಯಾರ ಬಾಯಲ್ಲೂ ಇಲ್ಲದಂತಾಗುತ್ತದೆ ಅಂತ ನನಗೆ ಹೆದರಿಕೆ ಹತ್ತಿತು. ಮನೆಯಲ್ಲಿ ಒಬ್ಬಳೇ ಇದ್ದಾಗ ಹೇಳಿ ನೋಡೋಣ ಅಂತ ಗೋಡೆಯ ಮುಂದೆ ನಿಂತೆ. ಮೊದಲ ಅಕ್ಷರಕ್ಕೇ ನಿಂತು ಒಲೆಯ ಕಡೆ ತಿರುಗಿದೆ.

ಸುನಂದಾ ಗೊತ್ತಲ್ಲ, ಫ್ಯಾಕ್ಟರಿಯ ಪ್ಯಾಕಿಂಗ್‌ನಲ್ಲಿ ನನ್ನ ಪಕ್ಕ ಕೂರುವವಳು? ನೀವು ‘ರೇಡಿಯೋ’ ಅನ್ನುತ್ತಿದ್ದಿರಿ. ಅವಳ ತವರು ತ್ರ್ಯಂಬಕದ ಆಚೆ, ಗುಡ್ಡದ ಬುಡದ ಒಂದು ಪಾಡಾ, ಹತ್ತು-ಹದಿನೈದು ಮನೆಯ ಹಾಡಿ. ನಿನ್ನೆ ರಜೆಯಲ್ಲವೇ, ಬೆಳಿಗ್ಗೆಯೇ ಬಂದು ನನ್ನ ಚಪ್ಪಲಿ ಬಾಗಿಲ ಹೊರಗೆ ಇಟ್ಟು ನಿಂತಳು. ಅವಳದೂ ಮುಂದೆ ಬರುವವರದೂ ಮಾತೆಲ್ಲ ಮರಾಠಿ, ನಾನು ನಮ್ಮ ಮಾತಿಗೆ ತಂದು ಬರೆಯುತ್ತಿದ್ದೇನೆ. “ಕಮಲಾ, ಎಷ್ಟ ದಿನಾ ಕಿಟಕ್ಯಾಗ ಕುಂಡ್ರತಿ? ನಮ್ಮೂರ ಗುಡ್ಡದ ಮ್ಯಾಲಿಂದ ಹೊತ್ತು ಮುಳುಗೋದ ನೋಡಿಲ್ಲ ನೀ. ನಡಿ.” ನಾನು ಮಂಡಿನೋವು ಅಂದೆ, ಪಲ್ಲವಿಯ ಅಡುಗೆ ಅಂದೆ. ಪಲ್ಲವಿ ಒಳಗಿನಿಂದಲೇ, “ಮಮ್ಮೀ ಜಾ ನಾ ಗಂ, ಹೋಗ, ನಾ ಮ್ಯಾಗಿ ಮಾಡ್ಕೋತೀನಿ” ಅಂತ ಕೂಗಿ, ಬಂದು ನನ್ನ ಹಣೆಗೆ ತನ್ನದೊಂದು ಟಿಕಳಿ ಅಂಟಿಸಿ ಕಳಿಸಿದಳು. ಬರೀ ಹಣೆ ಅವಳಿಗೆ ಆಗಿಬರುವುದಿಲ್ಲ.

ಬಿಸಿಲು ಬಾಗಿದ ಮೇಲೆ ಹತ್ತಲು ಶುರುಮಾಡಿದೆವು. ಮೊದಲು ಕಡಲೆಯ ಹೊಲ, ಆಮೇಲೆ ಕೆಂಪು ಮಣ್ಣಿನ ಕಾಲುದಾರಿ, ಆಮೇಲೆ ದಾರಿಯೂ ಇಲ್ಲ, ಸೊಂಟದೆತ್ತರದ ಒಣಹುಲ್ಲು. ಗಾಳಿ ಬೀಸಿದಾಗಲೆಲ್ಲ ಹುಲ್ಲು ಒಂದು ಕಡೆಗೆ ಮಲಗಿ ಮತ್ತೆ ಏಳುತ್ತಿತ್ತು. ಸುನಂದಾಳ ರೇಡಿಯೋ ಕೂಡ ಅಲ್ಲಿ ತಾನಾಗಿ ನಿಂತಿತು. ದೂರದ ಗುಡ್ಡಗಳು ಒಂದರ ಹಿಂದೆ ಒಂದು ನೀಲಿಯಾಗಿ, ಕೊನೆಯದು ಗುಡ್ಡವೋ ಮೋಡವೋ ತಿಳಿಯದು. ಕೆಳಗೆ ಅಣೆಕಟ್ಟಿನ ನೀರು ಅಲುಗದೆ ಮಲಗಿತ್ತು. ನನ್ನ ಕಾಲು ನನ್ನದಲ್ಲ, ಮೈಯಲ್ಲಿ ಭಾರವೇ ಇಲ್ಲ ಅನ್ನಿಸುತ್ತಿತ್ತು. ಇಷ್ಟು ಹತ್ತಿರ ಇಂಥ ಜಾಗ ಇಟ್ಟುಕೊಂಡು ನಾವಿಬ್ಬರೂ ರಜೆಯ ದಿನವೆಲ್ಲ ಮಾಲಿನಲ್ಲಿ ಎಸ್ಕಲೇಟರ್ ಹತ್ತಿ ಇಳಿದೆವಲ್ಲ, ಎಂಥ ಹುಚ್ಚರು ನಾವು!

ಎರಡು ಗುಡ್ಡ ಕೂಡುವ ಕಣಿವೆಯ ಬಾಯಲ್ಲಿ ಒಂದು ಹಾಸುಬಂಡೆ ಇದೆ. ಹುಲ್ಲಿನ ಹೊರೆ ಇಳಿಸಿ ಮೂವರು ಹೆಂಗಸರು ಅಲ್ಲಿ ದಣಿವಾರಿಸಿಕೊಳ್ಳುತ್ತಿದ್ದರು. ಇಬ್ಬರು ಪ್ರಾಯದವರು, ಒಬ್ಬಳು ಕಾಶೀ ಆಜಿ ಅಂತ ಹಣ್ಣು ಮುದುಕಿ. ಸುನಂದಾಳ ಬಳಗವೇ. ಸುನಂದಾ ಸೆರಗಿನ ಗಂಟು ಬಿಚ್ಚಿ “ತಿಳಗುಳ ಘ್ಯಾ, ಗೋಡ ಬೋಲಾ”, ಎಳ್ಳುಬೆಲ್ಲ ತಗೊಳ್ಳಿ, ಸಿಹಿ ಮಾತಾಡಿ, ಅಂತ ಎಲ್ಲರಿಗೂ ಎಳ್ಳುಂಡೆ ಕೊಟ್ಟಳು. ಎಳ್ಳುಂಡೆ ಬಂತೆಂದರೆ ಉಖಾಣೆ ಬರಲೇಬೇಕಲ್ಲ. ಪ್ರಾಯದವರು ಹೇಳಿದರು, ಸುನಂದಾ ಹೇಳಿದಳು. ಆಮೇಲೆ ಕಾಶೀ ಆಜಿ ನನ್ನ ಹಣೆಯ ಟಿಕಳಿ ನೋಡಿ, ನನ್ನ ಮಂಡಿ ತಟ್ಟಿ, “ನಾಂವ ಘೇ ಕೀ ಗಂ ಬಾಈ” ಅಂದಳು. ನೀನೂ ಗಂಡನ ಹೆಸರು ಹೇಳೇ ತಾಯಿ, ಅಂತ.

ಸುನಂದಾಳ ಮುಖ ಬಿಳಿಚಿಕೊಂಡಿತು. ಅವಳು ಏನೋ ಹೇಳಹೋದಳು, ನಾನು ಅವಳ ಕೈ ಒತ್ತಿ ಹಿಡಿದೆ. ಈ ಮುದುಕಿಗೆ ಗೊತ್ತಿಲ್ಲ. ಗೊತ್ತಿಲ್ಲದೆ ಕೇಳಿಬಿಟ್ಟಿದ್ದಾಳೆ. ಗೊತ್ತಿದ್ದವರು ಇನ್ನು ಯಾವತ್ತೂ ಕೇಳುವುದಿಲ್ಲ. ಈಗ ಹೇಳದಿದ್ದರೆ ಮತ್ತೆ ಯಾವಾಗ ಹೇಳಲಿ? ಎದುರಿಗೆ ಸೂರ್ಯ ಗುಡ್ಡದ ಅಂಚಿಗೆ ತಾಗಿದ್ದ, ನಮ್ಮೆಲ್ಲರ ಮುಖ, ಹುಲ್ಲಿನ ಹೊರೆ, ಬಂಡೆ ಎಲ್ಲ ಒಂದೇ ಬಣ್ಣವಾಗಿತ್ತು. ಎಲ್ಲಿಂದ ಬಂತೋ ಕಾಣೆ, ಯಾರೂ ಕಲಿಸಿದ್ದಲ್ಲ, ಕನ್ನಡದಲ್ಲೇ ಬಂತು:

“ಹೊತ್ತು ಮುಳುಗೋ ಹೊತ್ತಿಗಿ ಗುಡ್ಡೆಲ್ಲ ಬಂಗಾರಾತ,
ಗುರುನಾಥರ ಹೆಸರ ಹೇಳಿ ನನ್ನ ಬಾಯಿ ಸಕ್ಕರಿಯಾತ.”

ಹೇಳಿದೆ ನೋಡ್ರಿ! ಅವರಿಗೆ ನಮ್ಮ ಭಾಷೆ ಒಂದಕ್ಷರ ತಿಳಿಯದು, ಹೆಸರು ಮಾತ್ರ ತಿಳಿಯಿತು. “ಗುರುನಾಥರಾವ! ಗುರುನಾಥರಾವ!” ಅಂತ ಮೂವರೂ ಚಪ್ಪಾಳೆ ತಟ್ಟಿದರು. ನಿಮ್ಮನ್ನು ಕಂಡಿಲ್ಲದ, ನೀವು ಕಂಡಿಲ್ಲದ ಹೆಂಗಸರ ಬಾಯಲ್ಲಿ ನಿಮ್ಮ ಹೆಸರು. ನನಗೆ ಅಷ್ಟು ಸಂತೋಷವಾಯಿತು, ಅಷ್ಟೇ ಅಳುವೂ ಬಂತು. ತಡೆಯಲಿಲ್ಲ, ಅತ್ತುಬಿಟ್ಟೆ. ಏನಾಯಿತು ಅಂತ ಅವರು ಗಾಬರಿಯಾದಾಗ ನಾನೇ ಮರಾಠಿಯಲ್ಲಿ ಹೇಳಿದೆ, “ಅವರು ಇಲ್ಲ ಆಜೀ. ದೀಪಾವಳಿಗೆ ಮೊದಲೇ ಹೋದರು.”

ಆಜಿ ‘ಅಯ್ಯೋ’ ಅನ್ನಲಿಲ್ಲ, ಕೇಳಬಾರದಿತ್ತು ಅಂತ ಕೆನ್ನೆ ಬಡಿದುಕೊಳ್ಳಲೂ ಇಲ್ಲ. ಬಾಯಲ್ಲಿದ್ದ ಎಳ್ಳುಂಡೆ ನಿಧಾನ ಜಗಿದು ಮುಗಿಸಿ, “ಮನಷ್ಯಾ ಹೋದಾ. ಹೆಸರ ಎಲ್ಲಿಗೆ ಹೋಗ್ತದ ಬಾಈ?” ಅಂದಳು. ಆಗ ಪ್ರಾಯದವಳೊಬ್ಬಳು, “ಆಜೀ, ಹಂಗಾರ ನೀ ಯಾಕ ಒಂದ ದಿನಾನೂ ಹೇಳಿಲ್ಲ? ನಾನು ಲಗ್ನಾಗಿ ಈ ಊರಿಗೆ ಬಂದಾಗಿಂದ ಕೇಳೇ ಇಲ್ಲ” ಅಂದಳು. ಮುದುಕಿಗೂ ಗಂಡ ಇಲ್ಲ ಅಂತ ನನಗೆ ತಿಳಿದದ್ದೇ ಆಗ. ಅವಳು ಗುಡ್ಡದ ಕಡೆ ತಿರುಗಿ, “ಯಾರೂ ಕೇಳಲೇ ಇಲ್ಲಲ್ಲೇ” ಅಂದಳು. ಸೆರಗನ್ನು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡಳು, ಹೊಸ ಮದುವಣಗಿತ್ತಿಯ ಹಾಗೆ.

“ಡೋಂಗರಾವರ ಗವತ, ಗವತಾತ ವಾರಾ,
ಧೋಂಡಿಬಾಂಚಂ ನಾಂವ ಘೇತೇ, ಐಕಾ ಜರಾ.”

ಗುಡ್ಡದ ಮೇಲೆ ಹುಲ್ಲು, ಹುಲ್ಲಿನಲ್ಲಿ ಗಾಳಿ, ಧೋಂಡಿಬಾನ ಹೆಸರು ಹೇಳುತ್ತೇನೆ, ಸ್ವಲ್ಪ ಕೇಳಿ. ಇಷ್ಟೇ. ನಾವೆಲ್ಲ ಕೇಳಿದೆವು. ಸೂರ್ಯ ಯಾವಾಗ ಇಳಿದನೋ ಯಾರೂ ನೋಡಲಿಲ್ಲ. ಅದನ್ನು ನೋಡಲಿಕ್ಕೆಂದೇ ಅಷ್ಟು ದೂರ ಹತ್ತಿದ್ದೆವು, ಸುನಂದಾ ಇಳಿಯುವ ದಾರಿಯುದ್ದಕ್ಕೂ ಅದನ್ನೇ ಹೇಳಿ ನಕ್ಕಳು. ನಗುತ್ತಲೇ ಎರಡು ಸಲ ಕಣ್ಣೊರೆಸಿಕೊಂಡಳು.

ಈಗ ನಿಮಗೆ ಒಂದು ಸುದ್ದಿ. ರಥಸಪ್ತಮಿಗೆ ನಮ್ಮ ಮನೆಯಲ್ಲಿ ಹಳದೀ-ಕುಂಕು ಇಟ್ಟಿದ್ದೇನೆ. ಹೌದು, ನಾನೇ. ಇವತ್ತು ಬೆಳಿಗ್ಗೆ ಓಣಿಯ ಎಲ್ಲ ಮನೆಗೂ ಹೋಗಿ ಹೇಳಿಬಂದೆ. ಮೇಲಿನ ಮನೆಯ ಶಿಂದೆ ಮಾವಶಿ ಬಾಗಿಲು ತೆರೆದು, “ನನ್ನನ್ನೂ? ನಾ ಹ್ಯಾಂಗ ಬರಲಿ? ನನ್ನ ಗಂಡ ಹೋಗಿ...” ಅಂತ ಅಲ್ಲಿಗೇ ನಿಂತರು. “ಅವರ ಹೆಸರೇನ್ರಿ ಮಾವಶಿ?” ಅಂತ ಕೇಳಿದೆ. ಬಾಗಿಲ ಚೌಕಟ್ಟು ಹಿಡಿದುಕೊಂಡು ನನ್ನನ್ನೇ ನೋಡಿದರು. ಅಷ್ಟು ವಯಸ್ಸಾದ ಮುಖ ನಾಚಿಕೊಳ್ಳುವುದನ್ನು ನಾನು ಮೊದಲ ಸಲ ಕಂಡೆ. “ಬರತೇನಿ. ಬಂದೇ ಹೇಳತೇನಿ” ಅಂದರು.

ಇಂತಿ,
ಗುರುನಾಥರ ಕಮಲಾ