ಎಂಟೇ ಸ್ವರದ ಕೀಬೋರ್ಡು

ಸಾಗರ, 14-2-1988, ಭಾನುವಾರ

ಅಂತೂ ಊರು ಮುಳುಗುವ ದೃಶ್ಯಕ್ಕೆ ಸಂಗೀತ ಕೂಡಿಬಂತು. ನಾಳೆ ನಾಟಕ. ಪಿಟೀಲಿನ ಗಣಪಯ್ಯನವರು ಕೈ ಮುರಿದುಕೊಂಡ ಮೇಲೆ, ಎರವಲು ತಂದ ಕೀಬೋರ್ಡಿನಲ್ಲೇ ಎಲ್ಲ ವಾದ್ಯಗಳನ್ನೂ ಹೊಂದಿಸುತ್ತೇನೆಂದು ಧೈರ್ಯವಾಗಿ ಒಪ್ಪಿಕೊಂಡಿದ್ದೆ. ಅದಕ್ಕೋ ಒಮ್ಮೆಗೆ ಎಂಟೇ ಸ್ವರ. ಒಂಬತ್ತನೆಯದನ್ನು ಒತ್ತಿದರೆ ಮೊದಲನೆಯದು ಸತ್ತುಹೋಗುತ್ತದೆ. ಮೂರು ದಿನ ಒದ್ದಾಡಿದೆ, ಅಳುವುದೊಂದೇ ಬಾಕಿ.

ಮಧ್ಯಾಹ್ನ, ವೇಷದ ಬಟ್ಟೆ ಹೊಲಿಯುತ್ತಿದ್ದ ಹೂವಮ್ಮ ತಲೆಯೆತ್ತಿ ಕೇಳಿದಳು: "ಎಲ್ಲಾನೂ ಒಂದೇ ಸಲಕ್ಕೆ ಯಾಕೆ ಬಾರಿಸ್ತೀರಿ ಅಕ್ಕಾ? ಪಿಟೀಲು ಮೊದ್ಲು ಟೇಪ್ ಮಾಡ್ಕಳಿ. ಅದನ್ನ ಹಾಕ್ಕಂಡು ಮೇಲೆ ಕೊಳಲು ಬಾರ್ಸಿ."

ಪಕ್ಕದ ಮನೆಯಿಂದ ಇನ್ನೊಂದು ಟೇಪ್ ರೆಕಾರ್ಡರ್ ತಂದೆವು. ಒಂದರಲ್ಲಿ ಪಿಟೀಲು ಹಾಡುತ್ತಿದ್ದಾಗ ನಾನು ಕೀಬೋರ್ಡಿನಲ್ಲಿ ಕೊಳಲು ನುಡಿಸಿದೆ. ಎರಡೂ ಇನ್ನೊಂದರಲ್ಲಿ ಸೇರಿಕೊಂಡವು. ಅದರ ಮೇಲೆ ಶಹನಾಯಿ. ನಿಜವಾಗಿಯೂ ಹತ್ತು ಜನ ಕೂತು ನುಡಿಸಿದಂತಿತ್ತು! ಆದರೆ ಪ್ರತಿ ಸಲವೂ ಟೇಪಿನ ಸುಯ್ಯೆನ್ನುವ ಸದ್ದು ಬೆಳೆಯುತ್ತಲೇ ಹೋಯಿತು. ಎಲ್ಲ ಕೆಟ್ಟಿತು ಎಂದುಕೊಂಡೆ.

"ಅದು ಇರ್ಲಿ ಅಕ್ಕಾ," ಎಂದಳು ಹೂವಮ್ಮ. "ನಾನು ಸಣ್ಣೋಳಿದ್ದಾಗ ನಮ್ಮನೆ ಅಂಗಳಕ್ಕೆ ಡ್ಯಾಮಿನ ನೀರು ಬಂತಲ್ಲ, ಹಿಂಗೇ ಸದ್ದು ಮಾಡ್ತಿತ್ತು."

ಅವಳ ಮನೆ ಲಿಂಗನಮಕ್ಕಿಯ ಹಿನ್ನೀರಿನಡಿ ಇದೆಯೆಂದು ನನಗೆ ತಿಳಿದದ್ದೇ ಇಂದು. ಟೇಪನ್ನು ಹಾಗೆಯೇ ಇಟ್ಟಿದ್ದೇನೆ. ಎದೆ ಹಗುರವಾಗಿದೆ, ಕಣ್ಣು ಎಳೆಯುತ್ತಿದೆ, ಇನ್ನು ಮಲಗುತ್ತೇನೆ.