ಹಗುರವಾದ ಪೊಟ್ಟಣಗಳು

ತ್ರೂನ್, ಗುರುವಾರ
19 ಸೆಪ್ಟೆಂಬರ್ 1991

ಪ್ರೀತಿಯ ಮೆಂಜಿಯಾ ಅಕ್ಕಾ,

ಹೇಗಿದ್ದೀಯ? ಆ ಜಿನೀವಾದ ಆಸ್ಪತ್ರೆಯ ಪಾಳಿಯಲ್ಲಿ ಈಗಲೂ ನಿಂತುಕೊಂಡೇ ಊಟ ಮಾಡುತ್ತೀಯಾ? ಬೆನ್ನುನೋವು ಕಡಿಮೆಯಾಗಿದೆ ಅಂತ ಬರೆದಿದ್ದೆ, ನಾನು ನಂಬಿಲ್ಲ. ಈಚೆಗೆ ಯಾರು ಏನು ಹೇಳಿದರೂ ನನಗೆ ನಂಬಿಕೆ ಬರುತ್ತಿಲ್ಲ. ಇಲ್ಲಿ ಹಸುಗಳೆಲ್ಲ ಬೆಟ್ಟದಿಂದ ಇಳಿದು ಬಂದಿವೆ. ಅಪ್ಪ ಆರೋಗ್ಯವಾಗಿದ್ದಾರೆ. ನಾನು ಸೊಪ್ಪಿನ ಎಲೆಯಲ್ಲಿ ಹಿಟ್ಟು ಸುತ್ತಿ ಮಾಡಿದ ಕಾಪುನ್ಸ್, ಎಲೆ ಬಿಚ್ಚಿಕೊಂಡು ಗಂಜಿಯಾಗಿದ್ದರೂ ಎರಡು ಸಲ ಹಾಕಿಸಿಕೊಂಡರು. "ನಿಮ್ಮಮ್ಮ ಇದ್ದಿದ್ರೆ ಇದನ್ನ ಕೋಳಿಗೆ ಹಾಕ್ತಿದ್ಲು" ಅಂತ ಹೇಳುವುದನ್ನು ಮಾತ್ರ ಬಿಡಲಿಲ್ಲ.

ಅಕ್ಕಾ, ನನಗೆ ಬಾಸೆಲಿ ಮಾವನ ಮೇಲೆ ಅನುಮಾನ ಬಂದಿದೆ. ಹಾಗೆ ಬರೆಯಲು ನಾಚಿಕೆಯಾಗುತ್ತದೆ, ಅವರು ಅಮ್ಮನ ಒಡಹುಟ್ಟಿದವರು. ಆದರೂ ಕೇಳು. ಸಾಹಿತ್ಯದ ಪದವಿ ತಂದು ಮನೆಯಲ್ಲಿ ಕುಳಿತವಳಿಗೆ ಇದಾದರೂ ಕೆಲಸವಾಗಲಿ ಎಂದು ಅಪ್ಪ ತಮ್ಮ ಸಂಗ್ರಹದ ಪಟ್ಟಿ ಮಾಡಲು ಹೇಳಿದ್ದಾರೆ. ಬಂದೂಕುಗಳನ್ನು ಮುಗಿಸಿ ಈಗ ತೋಟಾಗಳಿಗೆ ಬಂದಿದ್ದೇನೆ. ಪ್ರತಿ ಪೊಟ್ಟಣವನ್ನೂ ಅಪ್ಪ ಕೊಂಡ ದಿನವೇ ತೂಗಿ, ತೂಕವನ್ನು ಪೆನ್ಸಿಲ್‌ನಲ್ಲಿ ಮೇಲೆ ಬರೆದಿಡುತ್ತಾರಲ್ಲ, ನಾನು ಅದನ್ನು ನಂಬಿ ನಕಲು ಮಾಡಿದ್ದರೆ ಸಾಕಿತ್ತು. ಯಾಕೋ ಒಂದನ್ನು ಕೈಗೆತ್ತಿಕೊಂಡಾಗ ಹಗುರ ಅನ್ನಿಸಿತು. ಅಡುಗೆಮನೆಯ ತಕ್ಕಡಿಗೆ ಹಾಕಿದೆ. ಮೂವತ್ತು ಗ್ರಾಂ ಕಡಿಮೆ. ಇನ್ನೊಂದನ್ನು ಹಾಕಿದೆ, ಅದೂ ಅಷ್ಟೇ. ಹದಿನಾಲ್ಕು ಪೊಟ್ಟಣ ಹಾಗೆಯೇ ಇದ್ದವು. ಒಳಗೆ ತೋಟಾಗಳೇನೋ ಹತ್ತಕ್ಕೆ ಹತ್ತೂ ಇವೆ, ಆದರೆ ಅಂಟಿಸಿದ ಕಾಗದದ ಅಂಚು ಹೊಸದಾಗಿ ಹೊಳೆಯುತ್ತಿದೆ. ಯಾರೋ ಒಳಗಿನ ಮದ್ದು ತೆಗೆದು, ಗುಂಡನ್ನು ಮತ್ತೆ ಕೂರಿಸಿದ್ದಾರೆ.

ಇವನ್ನೆಲ್ಲ ಇಡುವ ಬೀರುವಿನ ಎರಡನೆಯ ಬೀಗದ ಕೈ ಇರುವುದು ಮಾವನ ಹತ್ತಿರ ಮಾತ್ರ. 1931ರ ಬಂದೂಕನ್ನು ಹಿಡಿ ಸಡಿಲವಾಗಿದೆ ಎಂದು ಜೂನ್‌ನಲ್ಲಿ ತೆಗೆದುಕೊಂಡು ಹೋದವರು ಇನ್ನೂ ತಂದುಕೊಟ್ಟಿಲ್ಲ. ಬಡಗಿಯಾದವರಿಗೆ ಒಂದು ಹಿಡಿ ಬಿಗಿ ಮಾಡಲು ಮೂರು ತಿಂಗಳು ಬೇಕೇ? ಈ ಭಾನುವಾರ ಹಳೆಯ ಬಂದೂಕುಗಳ ಸ್ಪರ್ಧೆ. ಅಪ್ಪ ಮುತ್ತಜ್ಜನ 1889ರ ಬಂದೂಕಿನಿಂದ ಹನ್ನೊಂದು ಸಲ ಮಾಲೆ ಗೆದ್ದಿದ್ದಾರೆ, ಮಾವ ಹನ್ನೊಂದು ಸಲವೂ ಎರಡನೆಯವರು. ಇಡೀ ಕಣಿವೆಯ ಮುಂದೆ ಅಪ್ಪನ ಬಂದೂಕು ಟಿಕ್ ಅಂದು ಸುಮ್ಮನಾಗಲಿ ಎಂದೇ ಹೀಗೆ ಮಾಡಿದ್ದಾರೆ ಎಂದುಕೊಂಡೆ. ಎರಡು ದಿನ ಅವರನ್ನು ಗಮನಿಸಿದೆ. ಕಾಫಿಗೆ ಬಂದಾಗ ಅಪ್ಪನ ಮುಖವನ್ನು ನೋಡುತ್ತಿರಲಿಲ್ಲ, ಕೈಗಳನ್ನೇ ನೋಡುತ್ತಿದ್ದರು. ಅದೂ ನನಗೆ ಕಳ್ಳನ ಲಕ್ಷಣದಂತೆ ಕಂಡಿತು.

ಒಂದು ಮಾತ್ರ ಹೊಂದುತ್ತಿರಲಿಲ್ಲ. ಹಗುರವಾದವೆಲ್ಲ 1911ರ ಮಾದರಿಯ ಚೂಪು ಮೂತಿಯ ತೋಟಾಗಳು, ಎಲ್ಲಿ ಬೇಕಾದರೂ ಸಿಗುವಂಥವು. ಮುತ್ತಜ್ಜನ ಬಂದೂಕಿಗೆ ಬೇಕಾದ ಮೊಂಡು ಮೂತಿಯ ಹಳೆಯವು, ಅಪ್ಪ ಇಪ್ಪತ್ತು ವರ್ಷ ಹುಡುಕಿ ತಂದವು, ಒಂದು ಗ್ರಾಮೂ ಕಡಿಮೆಯಾಗಿಲ್ಲ.

ಇವತ್ತು ಮಧ್ಯಾಹ್ನ ಧೈರ್ಯ ಮಾಡಿ ಅವರ ಕೊಟ್ಟಿಗೆಗೆ ಹೋದೆ. ನನ್ನ ಕೈಯಲ್ಲಿದ್ದ ಪೊಟ್ಟಣ ನೋಡಿ ಉಳಿ ಕೆಳಗಿಟ್ಟರು. "ಬಂದ್ಲಪ್ಪಾ ಪತ್ತೇದಾರಿ. ನೀನು ತೂಗಿ ನೋಡ್ತೀಯ ಅಂತ ನಾನು ಅಂದ್ಕೊಂಡಿರ್ಲಿಲ್ಲ ಕಣೇ, ಪುಸ್ತಕ ಓದೋಳು." ಆಮೇಲೆ ನಗು ನಿಂತಿತು. "ಮೇ ತಿಂಗಳಲ್ಲಿ ನಿಮ್ಮಪ್ಪ ಮುತ್ತಜ್ಜನ ಬಂದೂಕಿಗೆ ಚೂಪಿನದನ್ನ ತುಂಬಿದ್ದ. ಮಲಗಿ ಗುರಿನೂ ಇಟ್ಟಿದ್ದ. ಅದು ಹಳೇದರೊಳಗೂ ಸಲೀಸಾಗಿ ಕೂರುತ್ತೆ, ಆದ್ರೆ ಅದರ ಬಿರುಸು ಆ ಮುದಿ ಕಬ್ಬಿಣ ತಡೆಯಲ್ಲ. ಸಿಡಿದ್ರೆ ಕಣ್ಣು, ಕೆನ್ನೆ ಎಲ್ಲಾ ಹೋಗ್ತಿತ್ತು. ಕೆಮ್ಮಿದ ಹಾಗೆ ಮಾಡಿ ಅವನ ಮೇಲೇ ಬಿದ್ದೆ. ಬೈದ ನೋಡು!" ಅದಕ್ಕೇ ಚೂಪಿನವನ್ನೆಲ್ಲ ಸಾಯಿಸಿಟ್ಟಿದ್ದಾರಂತೆ, ಗುಟ್ಟು ತಿಳಿಯಬಾರದೆಂದು ಅವನ್ನು ಹಾರಿಸುವ 1931ರ ಬಂದೂಕನ್ನೂ ತಂದಿಟ್ಟುಕೊಂಡಿದ್ದಾರಂತೆ. ಅಪ್ಪ ಸರಿಯಾದದ್ದನ್ನು ತುಂಬಿದರೆ ಗುಂಡು ಹಾರುತ್ತದೆ, ತಪ್ಪಿದರೆ ಏನೂ ಆಗುವುದಿಲ್ಲ. "ಅವನಿಗೆ ಹೇಳಿದ್ರೆ ಸತ್ತೇ ಹೋಗ್ತಾನೆ, ಮಾರಾಯ್ತಿ. ಸೈನ್ಯದಲ್ಲಿ ಮೂವತ್ತು ವರ್ಷ ಬಂದೂಕು ರಿಪೇರಿ ಮಾಡಿದೋನು."

ನಂಬಲೇ ಅಕ್ಕಾ? ತೋಟಾಗಳ ವಿಷಯದಲ್ಲಿ ಅಪ್ಪ ತಪ್ಪುವುದೆಂದರೆ ನೀನು ನಾಡಿ ಎಲ್ಲಿದೆ ಎಂದು ಹುಡುಕಿದ ಹಾಗೆ. ಮಾವನ ಮಾತು ನಿಜವೆನ್ನಲು ಸಾಕ್ಷಿಯಿಲ್ಲ, ಸುಳ್ಳೆಂದು ತಳ್ಳಿ ಅಪ್ಪನನ್ನು ಭಾನುವಾರ ಕಳಿಸಲು ಧೈರ್ಯವೂ ಇಲ್ಲ. ನೀನು ಬರೆಯುವವರೆಗೆ ಸಮಯವೂ ಇಲ್ಲ. ಯಾರಿಗಾದರೂ ಹೇಳಿಕೊಳ್ಳಬೇಕಿತ್ತು.

ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೋ. ನಿನ್ನ ಜೊತೆ ಇರುವ ಆ ಪೋರ್ಚುಗೀಸ್ ಹುಡುಗಿಗೆ ನನ್ನ ನೆನಪು ಹೇಳು.

ನಿನ್ನ
ಬಾರ್ಲಾ

ತಾ.ಕ. (ಶುಕ್ರವಾರ ಬೆಳಿಗ್ಗೆ, ಅಂಚೆ ಗಾಡಿಗೆ ಹತ್ತು ನಿಮಿಷವಿದೆ): ತಿಂಡಿಯ ಹೊತ್ತಿಗೆ ಅಪ್ಪ ಎರಡು ತೋಟಾ ತಂದು ಬ್ರೆಡ್ಡಿನ ಪಕ್ಕ ಇಟ್ಟರು. "ಬಾಸೆಲಿಗೆ ಗುಂಡು ಕೂರಿಸೋಕೆ ಬರಲ್ಲ. ನೋಡು, ಎಷ್ಟು ಸೊಟ್ಟ. ಜುಲೈನಲ್ಲೇ ಗೊತ್ತಾಯ್ತು ನಂಗೆ" ಅಂದರು. ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೆ. "ಬೈಯಕ್ಕೆ ಹೋಗ್ಬೇಡ ಅವನಿಗೆ. ಅವನಿಗೂ ಅನುಮಾನ ಬಂದಿದೆ ಅಂತ ತಿಳಿದಾಗ ನಂಗೆ ಎಷ್ಟೋ ಹಗುರ ಆಯ್ತು. ಒಬ್ನೇ ನನ್ ಮೇಲೆ ಅನುಮಾನ ಪಟ್ಟು ಪಟ್ಟು ಸಾಕಾಗಿತ್ತು." ಆಮೇಲೆ ಬೆರಳಿನಿಂದ ಎರಡನ್ನೂ ಮುಟ್ಟಿದರು. "ಇದು ಚೂಪು, ಇದು ಮೊಂಡು. ಕಣ್ಣಿಗೆ ಚೆನ್ನಾಗಿ ಕಾಣುತ್ತೆ. ಯಾವುದು ಯಾವುದಕ್ಕೆ ಅನ್ನೋದು ಮಾತ್ರ, ಹೇಳು ಬಾರ್ಲಾ." ಹೇಳಿದೆ. ತಲೆಯಾಡಿಸಿ ಬ್ರೆಡ್ಡಿಗೆ ಬೆಣ್ಣೆ ಹಚ್ಚಿದರು. ಅರ್ಧ ತಿಂದು ಮತ್ತೆ ಅದನ್ನೇ ಕೇಳಿದರು. ಭಾನುವಾರ ಹೋಗುವುದಿಲ್ಲವಂತೆ. "ಮೆಂಜಿಯಾಗೆ ಏನೂ ಬರೀಬೇಡ, ಅವಳಿಗೆ ರಜೆ ಸಿಗಲ್ಲ" ಅಂದರು. ಅಕ್ಕಾ, ರಜೆ ಕೇಳು.